ಗೋಡೆಯ ಜ್ವರ ನೋಡುತ್ತಿದ್ದ ಆಂಟಿ

ಆಂಟಿ ತೀರಿಕೊಂಡರು ಎಂದು ಫೋನ್ ಬಂದಾಗ ನಾನು ಮೊದಲು ಕೇಳಿದ್ದು, "ಯಾರು ಹೇಳಿದ್ರು?" ಎಂದು. ಸತ್ತವರ ಸುದ್ದಿಗೂ ಸಾಕ್ಷಿ ಕೇಳುವ ಹೆಂಗಸು ಎಂದು ನನ್ನ ಗಂಡ ಗಿರೀಶ ಎದುರಿಗೇ ಹಣೆ ಚಚ್ಚಿಕೊಂಡ. ಆದರೆ ಆಕೆಯ ವಿಷಯದಲ್ಲಿ ಕಿವಿಗೆ ಬಿದ್ದದ್ದನ್ನು ನಂಬಿ ಮೋಸಹೋದವರು ಇಲ್ಲಿನ ನಮ್ಮ ಕನ್ನಡದವರಲ್ಲಿ ಬಹಳ ಮಂದಿ. ನಾನಂತೂ ಹಲವು ವರ್ಷ ಆಕೆ ಹೇಳಿದ್ದನ್ನು ನಂಬಲಿಲ್ಲ, ಹೇಳದೆ ಬಿಟ್ಟದ್ದನ್ನು ಮೊದಲೇ ನಂಬಲಿಲ್ಲ. ಹೂವಿನ ಜೊತೆ ಎರಡು ಸಾಲು ಬರೆದು ಕಳಿಸುವ ಹೊಣೆ ನನ್ನ ಪಾಲಿಗೆ ಬಂದಾಗ ಒಂದು ಪದವೂ ಹೊಳೆಯಲಿಲ್ಲ. ಆ ಎರಡು ಸಾಲೇ ಬೆಳೆದು ಇಷ್ಟಾಗಿದೆ ಎಂದುಕೊಳ್ಳಿ.

ನನ್ನ ಬಗ್ಗೆಯೂ ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದ ಷಾರ್ಲೆಟ್‌ನ ಒಂದು ಆಫೀಸಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಕೆಲಸ. ಬೇರೆಯವರು "ಎಲ್ಲ ಸರಿಯಾಗಿದೆ" ಎಂದು ತಂದುಕೊಟ್ಟದ್ದರಲ್ಲಿ ಏನು ಸರಿಯಿಲ್ಲ ಎಂದು ಹುಡುಕುವುದಕ್ಕೆ ಸಂಬಳ ಕೊಡುತ್ತಾರೆ. ಈ ಬುದ್ಧಿಯನ್ನು ಸಂಜೆ ಆಫೀಸಿನಲ್ಲೇ ಬಿಟ್ಟು ಫೋರ್ಟ್ ಮಿಲ್‌ನ ಮನೆಗೆ ಬರಲು ಆಗುವುದಿಲ್ಲ. ಮಾವಿನಹಣ್ಣಿನ ಪೆಟ್ಟಿಗೆ ಕೊಳ್ಳುವಾಗಲೂ ಅದು ಜೊತೆಗಿರುತ್ತದೆ, ಯಾರಾದರೂ ವಿಪರೀತ ನಗುತ್ತ ಮಾತಾಡಿಸಿದಾಗಲೂ ಇರುತ್ತದೆ. "ನಿಂಗೆ ದೇವರು ಪ್ರತ್ಯಕ್ಷ ಆದ್ರೂ ಐಡಿ ತೋರ್ಸಿ ಅಂತೀಯ" ಎನ್ನುತ್ತಾನೆ ಗಿರೀಶ.

ಆಂಟಿ ನನಗಿಂತ ಒಂದು ಕೈ ಮೇಲು. ನಂಜನಗೂಡಿನ ಕಡೆಯವರು, ಮೈಸೂರಿನಲ್ಲಿ ಮೆಡಿಕಲ್ ಓದಿದವರು, ಎಪ್ಪತ್ತರ ದಶಕದಲ್ಲಿ ಗಂಡನ ಜೊತೆ ಇಲ್ಲಿಗೆ ಬಂದು ನೆಲೆಸಿದವರು. ಪೆಥಾಲಜಿಸ್ಟ್. ಜೀವನವಿಡೀ ರೋಗಿಯ ಮುಖ ನೋಡದೆ ರೋಗವನ್ನು ಮಾತ್ರ ನೋಡಿದವರು. ಬೆಳ್ಳಗಿನ ಗಿಡ್ಡ ಕೂದಲು, ಕೈಗೆ ಗಂಡಸರ ವಾಚು, ದೀಪಾವಳಿಗೂ ಮೈಸೂರು ಸಿಲ್ಕ್ ಸೀರೆಯ ಕೆಳಗೆ ಓಡುವ ಶೂ. ಪಾಟ್‌ಲಕ್‌ಗಳಲ್ಲಿ ಒಬ್ಬೊಬ್ಬರೂ ಮನೆಯಿಂದ ಮಾಡಿ ತಂದ ಅಡುಗೆಯ ಪಾತ್ರೆಯ ಮುಚ್ಚಳ ತೆಗೆದು ಮೂಸಿ, "ಇದು ನಿನ್ನೆದು" ಎಂದು ಮುಚ್ಚಿಬಿಡುತ್ತಿದ್ದರು. ನಿನ್ನೆಯದೇ ಆಗಿರುತ್ತಿತ್ತು. ತಂದವಳು ಅಲ್ಲೇ ನಿಂತಿರುತ್ತಿದ್ದಳು. ಯಾರಾದರೂ ಕಾಯಿಲೆ ಹೇಳಿಕೊಂಡು ಅಳುತ್ತ ಬಂದರೆ ಸಮಾಧಾನದ ಒಂದು ಮಾತೂ ಆಡದೆ ರಿಪೋರ್ಟ್ ಎಲ್ಲಿ ಎಂದು ಕೈಚಾಚುತ್ತಿದ್ದರು. "ರಿಪೋರ್ಟ್ ನೋಡದೆ ಸಮಾಧಾನ ಹೇಳೋರು ಡಾಕ್ಟ್ರಲ್ಲ, ನೆಂಟ್ರು" ಎನ್ನುವುದು ಆಕೆಯ ಮಾತು. ನಮ್ಮವರಿಗೆ ಆಕೆಯನ್ನು ಕಂಡರೆ ಗೌರವ ಇತ್ತು. ಪಕ್ಕದಲ್ಲಿ ಕೂರುವ ಉತ್ಸಾಹ ಯಾರಿಗೂ ಇರಲಿಲ್ಲ.

ಗಂಡ ಹೋದ ಮೇಲೆ ಆಕೆ ಶನಿವಾರಗಳಲ್ಲಿ ಎಲ್ಲೂ ಕಾಣಿಸದಂತಾದರು. ಕೋವಿಡ್ ಇಳಿಮುಖವಾಗಿ ನಾವೆಲ್ಲ ಮತ್ತೆ ಸೇರಲು ಶುರುಮಾಡಿದ ಹೊತ್ತು ಅದು. ಊರಾಚೆಯ ರಸ್ತೆಯಲ್ಲಿ ಹೋಗುತ್ತಿದ್ದ ಯಾರೋ ಆಕೆಯ ಕಾರನ್ನು ಹಳೆಯದೊಂದು ಪುಟ್ಟ ಚರ್ಚಿನ, ಅಂದರೆ ಚಾಪೆಲ್ಲಿನ, ಮುಂದೆ ಕಂಡರು. ಮುಂದಿನ ಶನಿವಾರ ಇನ್ಯಾರೋ ಕಂಡರು. ಸರಿ, ಗುಸುಗುಸು ಶುರುವಾಯಿತು. ವಯಸ್ಸಾದ ಮೇಲೆ, ಒಂಟಿಯಾದ ಮೇಲೆ ಮನಸ್ಸು ಮೆತ್ತಗಾಗುತ್ತದೆ, ಯಾರೋ ಹಿಡಿದುಕೊಂಡಿರಬೇಕು, ಮತ ಬದಲಾಯಿಸಿರಬೇಕು ಎಂದು ಒಬ್ಬರು. ಡಿಕ್ಕಿಯಲ್ಲಿ ಮುಚ್ಚಳ ಬಿಗಿದ ಬಿಳಿ ಬಕೆಟ್ ಇತ್ತು, ಗಂಡನ ಬೂದಿಯನ್ನು ಅಲ್ಲಿ ಹೂಳುತ್ತಿದ್ದಾರೆ ಎಂದು ಇನ್ನೊಬ್ಬರು. ಮನುಷ್ಯನ ಬೂದಿ ಬಕೆಟ್ ತುಂಬ ಆಗುವುದಿಲ್ಲ ಎಂದು ನಾನೇ ತರ್ಕ ಹೇಳಿದೆ. ಹೇಳಿದೆನೇ ಹೊರತು ಆ ಬಕೆಟ್ ನನ್ನ ತಲೆಯಿಂದಲೂ ಹೋಗಲಿಲ್ಲ. ಒಂದು ಭಾನುವಾರ ಎದುರಿಗೆ ಸಿಕ್ಕಾಗ ಕೇಳಿಯೇಬಿಟ್ಟೆ.

"ಆಂಟಿ, ಚಾಪೆಲ್‌ಗೆ ಹೋಗ್ತೀರಂತೆ?"

"ಹೌದು."

"ಕನ್ವರ್ಟ್ ಆಗಿದೀರಾ ಅಂತ ಎಲ್ಲಾ ಕೇಳ್ತಿದಾರೆ."

"ಎಲ್ಲಾ ಅಂದ್ರೆ ನೀನು ತಾನೆ? ನಾನಿನ್ನೂ ಯಾವ ದೇವ್ರಿಗೂ ಅಪ್ಲೈ ಮಾಡಿಲ್ಲ ಶೈಲಾ. ಶನಿವಾರ ಬಾ, ನೋಡು."

ಹೋದೆ. ಬಕೆಟ್ಟಿನಲ್ಲಿ ಇದ್ದದ್ದು ಸುಣ್ಣ. ಬೆಣ್ಣೆಯ ಹಾಗೆ ನುಣ್ಣಗೆ ಅರಳಿದ ಸುಣ್ಣವನ್ನು ನೀರಿನಲ್ಲಿ ಮುಳುಗಿಸಿ ತಿಂಗಳುಗಟ್ಟಲೆ ಗರಾಜಿನಲ್ಲಿ ಇಡುತ್ತಿದ್ದರಂತೆ. "ಉಪ್ಪಿನ್‌ಕಾಯಿ ಥರ. ಹಳೇದಾದಷ್ಟೂ ಒಳ್ಳೇದು" ಎಂದರು. ನನ್ನ ಎದುರಿಗೇ ಚಾಪೆಲ್ಲಿನ ಹೊರಗೋಡೆಗೆ ಅಂಗೈಯ ಹಿಂಬದಿಯನ್ನು ಒತ್ತಿ, ಮಗುವಿಗೆ ಜ್ವರ ಇದೆಯೇ ಎಂದು ನೋಡುವಂತೆ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ ಒಂದು ಹೆಜ್ಜೆ ಸರಿದು ಮತ್ತೆ ಒತ್ತಿದರು. ಎಲ್ಲಿ ತಣ್ಣಗಿದೆಯೋ ಅಲ್ಲಿ ಗೋಡೆ ನೀರು ಕುಡಿದಿದೆ ಎಂದು ಅರ್ಥವಂತೆ.

ಆ ಚಾಪೆಲ್ಲಿನ ಕಥೆಯನ್ನು ಆಕೆಯ ಬಾಯಿಂದಲೇ ಕೇಳಿದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನಿಂದ ಕೆಲವು ಕುಟುಂಬಗಳು ದ್ರಾಕ್ಷಿ ಬೆಳೆಯುತ್ತೇವೆಂದು ಇಲ್ಲಿನ ಕೆಂಪು ಮಣ್ಣಿಗೆ ಬಂದವು. ಬಂದವರು ಮನೆಗಿಂತ ಮೊದಲು ಈ ಚಾಪೆಲ್ ಕಟ್ಟಿಕೊಂಡರು. ಇಟ್ಟಿಗೆಯನ್ನು ಇಲ್ಲೇ ಸುಟ್ಟರು, ಗಂಟೆಯನ್ನು ಮಾತ್ರ ತಮ್ಮ ಊರಿನಿಂದ ಹಡಗಿನಲ್ಲಿ ತಂದರು. ಅವರಲ್ಲಿ ಚಿತ್ರ ಬರೆಯಬಲ್ಲವನೊಬ್ಬ ಪೂಜಾಪೀಠದ ಹಿಂದಿನ ಗೋಡೆಯ ತುಂಬ ಒಂದು ದ್ರಾಕ್ಷಿ ಬಳ್ಳಿ ಬರೆದ. ಬುಡದಲ್ಲಿ ಹೊರಟು ಛಾವಣಿಯವರೆಗೆ ಹಬ್ಬಿದ ಬಳ್ಳಿ, ನಡುವೆ ಬಳ್ಳಿ ಸವರುವ ಕತ್ತಿ ಹಿಡಿದು ನಿಂತ ದ್ರಾಕ್ಷಿ ಬೆಳೆಗಾರರ ಸಂತ. ತೋಟದ ಬಳ್ಳಿಗಳೆಲ್ಲ ಕೆಲವೇ ವರ್ಷಗಳಲ್ಲಿ ರೋಗ ಬಂದು ಒಣಗಿದವು. ಅವರ ಊರಿನ ದ್ರಾಕ್ಷಿ ಇಲ್ಲಿನ ಹವೆಗೆ ತಾಳಲಿಲ್ಲ. ಜನ ಹತ್ತಿಯ ಗಿರಣಿಗಳಿಗೆ, ಪೇಟೆಗಳಿಗೆ ಚದುರಿದರು. ಬಳ್ಳಿ ಉಳಿದದ್ದು ಆ ಗೋಡೆಯ ಮೇಲೆ ಮಾತ್ರ, ಅದೂ ಹುರುಪೆ ಹುರುಪೆಯಾಗಿ ಎದ್ದು ಉದುರುತ್ತಿತ್ತು. ಸಂತನಿಗೆ ಅರ್ಧ ಮುಖವೇ ಇರಲಿಲ್ಲ.

"ಇದಕ್ಕೆ ನೀವ್ಯಾಕೆ ಬಿದ್ರಿ?" ಎಂದೆ. ಅದೇ ನನ್ನ ಮುಖ್ಯ ಅನುಮಾನವಾಗಿತ್ತು. ಯಾರೂ ಲಾಭವಿಲ್ಲದೆ ಶನಿವಾರಗಳನ್ನು ಕೊಡುವುದಿಲ್ಲ.

ಒಂದು ದಿನ ಆ ದಾರಿಯಲ್ಲಿ ಹೋಗುವಾಗ ಕಾರು ನಿಲ್ಲಿಸಿದ್ದರಂತೆ. ಗೋಡೆಯ ಬುಡದಲ್ಲಿ ಉದ್ದಕ್ಕೂ ಕೆಂಪು ಪುಡಿ ಬಿದ್ದಿತ್ತು. ಅದನ್ನು ಝಿಪ್ ಚೀಲಕ್ಕೆ ತುಂಬಿಕೊಂಡು ಮನೆಗೆ ಹೋಗಿ ತಮ್ಮ ಹಳೆಯ ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಿದ್ದರು. ಇಟ್ಟಿಗೆಯನ್ನು ಕೂರಿಸಿದ್ದು ಸುಣ್ಣದ ಗಾರೆಯಲ್ಲಿ. ಈಚೆಗೆ ಯಾರೋ ಪುಣ್ಯಾತ್ಮರು ಗಟ್ಟಿಯಾಗಲಿ ಎಂದು ಸಂದುಗಳಿಗೆ ಸಿಮೆಂಟ್ ತುಂಬಿದ್ದರು. ಸುಣ್ಣದ ಮೂಲಕ ಆರುತ್ತಿದ್ದ ನೀರು ಸಿಮೆಂಟಿಗೆ ಸಿಕ್ಕಿಹಾಕಿಕೊಂಡು ಇಟ್ಟಿಗೆಯನ್ನೇ ಒಡೆದು ಹೊರಬರುತ್ತಿತ್ತು. ಆ ಸಿಮೆಂಟ್ ಕಿತ್ತು ಮತ್ತೆ ಸುಣ್ಣ ತುಂಬುವುದೇ ಆಕೆಯ ಶನಿವಾರದ ಕೆಲಸ.

"ಪೇಷಂಟ್ ಸಾಯ್ತಾ ಇರೋದು ವಯಸ್ಸಿಂದ ಅಲ್ಲ ಕಣೆ. ಕೊಟ್ಟಿರೋ ಔಷಧಿಯಿಂದ" ಎಂದರು. ನನ್ನ ಪ್ರಶ್ನೆಗೆ ಇದು ಉತ್ತರವಲ್ಲ ಎಂದು ಮನೆಗೆ ಬಂದ ಮೇಲೆ ಹೊಳೆಯಿತು.

ಚಾಪೆಲ್ ಆ ಕುಟುಂಬಗಳ ವಂಶಸ್ಥರ ಸಣ್ಣ ಟ್ರಸ್ಟ್ ಒಂದರ ಕೈಯಲ್ಲಿತ್ತು. ಅದರ ಯಜಮಾನಿಕೆ ಜೋನ್ ಎನ್ನುವ ಎಪ್ಪತ್ತು ದಾಟಿದ ಹೆಂಗಸಿನದು. ಆಂಟಿಯ ಸುಣ್ಣದ ಸೇವೆ ನೋಡಿ ಅವರು ಆಕೆಯನ್ನೂ ಟ್ರಸ್ಟಿಗೆ ಸೇರಿಸಿಕೊಂಡಿದ್ದರು. ಉಳಿದವರು ಮುದುಕರು, ಪ್ರಾರ್ಥನೆಗೆ ಬರುವವರೂ ಇಲ್ಲ. ಸುತ್ತಲ ಹೊಲಗಳಲ್ಲಿ ಟೌನ್‌ಹೋಮ್‌ಗಳು ಏಳುತ್ತಿದ್ದವು. ಅವುಗಳನ್ನು ಕಟ್ಟುತ್ತಿದ್ದ ಬಿಲ್ಡರ್ ಚಾಪೆಲ್ ಕೊಂಡು ಕ್ಲಬ್‌ಹೌಸ್ ಮಾಡುತ್ತೇನೆ ಎಂದು ಕಾದು ಕೂತಿದ್ದ. ಇತ್ತ ನಮ್ಮ ಕಡೆ, ನಾನು ಭಾನುವಾರ ನಡೆಸುವ ಕನ್ನಡ ಕ್ಲಾಸಿಗೆ ಜಾಗವಿರಲಿಲ್ಲ. ಮಕ್ಕಳನ್ನು ನಮ್ಮ ಗರಾಜಿನಲ್ಲಿ ಚಳಿಯಲ್ಲಿ ಕೂರಿಸಿಕೊಂಡು ಅ ಆ ಇ ಈ ಬರೆಸುತ್ತಿದ್ದೆ. ನಮ್ಮ ಗುಂಪಿಗೆ ಪೂಜೆಗೂ ಹಬ್ಬಕ್ಕೂ ಸ್ವಂತ ಜಾಗ ಬೇಕು ಎಂದು ಗಿರೀಶನ ಅಧ್ಯಕ್ಷತೆಯಲ್ಲಿ ಕಟ್ಟಡದ ಕಮಿಟಿ ಒಂದಿತ್ತು. ಅಮೆರಿಕದಲ್ಲಿ ಖಾಲಿಯಾದ ಚರ್ಚುಗಳನ್ನು ಕೊಂಡು ದೇವಸ್ಥಾನ ಮಾಡಿಕೊಂಡವರು ನಾವೇ ಮೊದಲೇನಲ್ಲ.

ಎರಡೂ ಕಡೆಯವರನ್ನು ಕೂಡಿಸಿದ್ದು ಆಂಟಿಯೇ. ಒಂದು ವರ್ಷ ಲೀಸ್, ಹೊಂದಿಕೆಯಾದರೆ ಆಮೇಲೆ ಕೊಳ್ಳುವುದು ಎಂದು ಮಾತಾಯಿತು. ನಮಗೆ ಖುಷಿಯಾಗಬೇಕಿತ್ತು. ನನಗೆ ಆದದ್ದು ಅನುಮಾನ. ಆಕೆ ಅವರ ಟ್ರಸ್ಟಿನಲ್ಲೂ ಇದ್ದಾರೆ, ನಮ್ಮ ಕಮಿಟಿಯಲ್ಲೂ ಇದ್ದಾರೆ. ಅಲ್ಲಿ ಕೂತು ನಮ್ಮ ಮಾತು ಹೇಳುತ್ತಾರೋ, ಇಲ್ಲಿ ಕೂತು ಅವರಿಗಾಗಿ ನಮ್ಮ ಮಾತು ಕೇಳಿಸಿಕೊಳ್ಳುತ್ತಾರೋ?

"ಆಂಟಿ ಯಾವ ಪಾರ್ಟಿ ಗಿರಿ?" ಎಂದು ಕೇಳಿದೆ.

"ನಮ್ಮೋರೇ ಅಲ್ವಾ?"

"ಮೀಟಿಂಗಲ್ಲಿ ನೀನು ಮಾತಾಡಿದಾಗ್ಲೆಲ್ಲ ಅವ್ರು ನಿನ್ನ ಮುಖ ನೋಡಲ್ಲ. ಕೈ ನೋಡ್ತಾರೆ."

"ಸ್ಟಾಪ್ ಟೆಸ್ಟಿಂಗ್ ಶೈಲು" ಎಂದು ನಕ್ಕ.

ನಾನು ಹೇಳಿದ್ದು ಸುಳ್ಳಲ್ಲ. ಆ ದಿನ ಗಿರೀಶ ಒಳಗೆ ಏನೇನು ಮಾಡಬಹುದೆಂದು ಕೈಯಲ್ಲೇ ಗಾಳಿಗೆ ಗೆರೆ ಎಳೆದು ತೋರಿಸುತ್ತಿದ್ದ. ಗೋಡೆಗಳಿಗೆ ಸ್ಯಾಂಡರ್ ಎಂಬ ಉಜ್ಜುವ ಯಂತ್ರ ಹಿಡಿದು ನುಣುಪು ಮಾಡಿಸುವುದು, ತಿಳಿ ಹಳದಿ ಪ್ಲಾಸ್ಟಿಕ್ ಪೇಂಟ್ ಹೊಡೆಸುವುದು, ಹಿಂದಿನ ಗೋಡೆಗೆ ಒತ್ತಿಕೊಂಡು ಮಂಟಪ ಕೂರಿಸುವುದು. ಆಂಟಿ ಒಂದೇ ಒಂದು ಪ್ರಶ್ನೆ ಕೇಳಿದರು. "ಸ್ಯಾಂಡರ್ ಯಾಕೆ?"

"ಸರ್ಫೇಸ್ ಕ್ಲೀನಾಗಿ ಬರ್ಬೇಕಲ್ಲ ಆಂಟಿ."

ಆಕೆ ತಲೆಯಾಡಿಸಿದರು. ಒಪ್ಪಿಗೆ ಎಂದು ಕಮಿಟಿ ಬರೆದುಕೊಂಡಿತು.

ಯುಗಾದಿ ಹತ್ತಿರ ಬಂತು. ಲೀಸ್ ಸಿಕ್ಕ ಮೇಲಿನ ಮೊದಲ ಹಬ್ಬ. ಹಿಂದಿನ ಶನಿವಾರ ಎಲ್ಲರೂ ಸೇರಿ ಒಳಗೆ ಗುಡಿಸಿ ಸಾರಿಸುವುದೆಂದು ಗೊತ್ತಾಗಿತ್ತು. ನಾವು ಪೊರಕೆ, ಮಾಪು, ವ್ಯಾಕ್ಯೂಮು ಹಿಡಿದು ಹೋದರೆ ಆಂಟಿ ಆಗಲೇ ಬಕೆಟ್ಟುಗಳ ಸಾಲು ಜೋಡಿಸಿ ಕೂತಿದ್ದರು. ಅಗಲವಾದ ಕುಂಚಗಳೂ ಇದ್ದವು.

"ಯುಗಾದಿಗೆ ಸುಣ್ಣ ಹೊಡೀದೆ ಇರ್ತಾರಾ? ಪೂಜಾಪೀಠದ ಹಿಂದಿನ ಗೋಡೆಯಿಂದ ಶುರು ಮಾಡಿ."

ನಮ್ಮವರ ಸಂಭ್ರಮ ಏನು ಹೇಳಲಿ. ಯಾರಿಗೂ ಇಲ್ಲಿಗೆ ಬಂದ ಮೇಲೆ ಸುಣ್ಣದ ಕುಂಚ ಮುಟ್ಟಿ ಗೊತ್ತಿಲ್ಲ. ಅಜ್ಜಿಯ ಮನೆಯಲ್ಲಿ ಸುಣ್ಣಕ್ಕೆ ನೀಲಿ ಬೆರೆಸುತ್ತಿದ್ದುದನ್ನು ಒಬ್ಬರು ನೆನಪಿಸಿಕೊಂಡರು, ಸುಣ್ಣ ಸಿಡಿದು ಕಣ್ಣುರಿದ ಕಥೆಯನ್ನು ಇನ್ನೊಬ್ಬರು. ಹಬ್ಬ ಬಂತೆಂದರೆ ನಮ್ಮ ಜನ ಗೋಡೆಗೆ ವಯಸ್ಸೆಷ್ಟು ಎಂದು ಕೇಳುವವರಲ್ಲ. ನನಗೆ ಮಾತ್ರ ಕೈ ಏಳಲಿಲ್ಲ. ಚಿತ್ರ ಯಾಕೋ ಎಂದಿಗಿಂತ ಮಂಕಾಗಿತ್ತು. ಹತ್ತಿರ ಹೋಗಿ ನೋಡಿದರೆ ಅದರ ಮೇಲೆ ತೆಳ್ಳಗಿನ ಕಾಗದದಂಥದ್ದು ಅಂಟಿಕೊಂಡಿತ್ತು.

"ಆಂಟಿ, ಪೇಂಟಿಂಗ್ ಮೇಲೇ ಹೊಡೀಬೇಕಾ?"

"ಅದರ ಮೇಲೇ. ಕೆರೀಬೇಡಿ, ಉಜ್ಜಬೇಡಿ. ಮೆಲ್ಲಗೆ ಹಚ್ಚಿ."

"ಟ್ರಸ್ಟ್‌ಗೆ ಗೊತ್ತಿದ್ಯಾ?"

"ನಾನು ಟ್ರಸ್ಟಲ್ಲಿ ಇಲ್ವಾ?"

ಪ್ರಶ್ನೆಗೆ ಪ್ರಶ್ನೆಯೇ ಉತ್ತರವಾಗಿ ಬಂದರೆ ಅಲ್ಲಿ ಬಗ್ ಇದೆ ಎಂದು ನಾನು ಜೂನಿಯರ್‌ಗಳಿಗೆ ಹೇಳಿಕೊಡುತ್ತೇನೆ. ಆದರೆ ಅಷ್ಟರಲ್ಲಿ ನಮ್ಮವರು ಹಾಡು ಹೇಳಿಕೊಂಡು ಅರ್ಧ ಗೋಡೆ ಮುಗಿಸಿದ್ದರು. ಸಂಜೆಯ ಹೊತ್ತಿಗೆ ಬಳ್ಳಿಯೂ ಇಲ್ಲ, ಸಂತನೂ ಇಲ್ಲ. ಅಚ್ಚ ಬಿಳಿಯ ಗೋಡೆ. ಅದರ ಮುಂದೆ ಮಾವಿನೆಲೆಯ ತೋರಣ ಕಟ್ಟಿ ಗಿರೀಶ ಫೋಟೋ ತೆಗೆದು ಗುಂಪಿಗೆಲ್ಲ ಕಳಿಸಿದ.

ಹಬ್ಬದ ದಿನ ಶುಭಾಶಯ ಹೇಳಲು ಜೋನ್ ಹೂಗುಚ್ಛ ಹಿಡಿದು ಬಂದರು. ಒಳಗೆ ನಾಲ್ಕು ಹೆಜ್ಜೆ ಇಟ್ಟವರು ನಿಂತುಬಿಟ್ಟರು. ಬೈಯಲಿಲ್ಲ. ಬೆಂಚಿನ ಮೇಲೆ ಕೂತು, ಗೋಡೆಯನ್ನು ನೋಡುತ್ತ, ಬಾಯಿಗೆ ಕೈ ಅಡ್ಡ ಹಿಡಿದು ಅತ್ತರು. ಕೋಸಂಬರಿ ಹಿಡಿದುಕೊಂಡು ನಿಂತಿದ್ದ ನಮಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಆಮೇಲೆ ಅವರು ಇಂಗ್ಲಿಷಿನಲ್ಲಿ ಒಂದೇ ಮಾತು ಕೇಳಿದರು. ಅದು ನಿಮ್ಮ ಕಣ್ಣಿಗೆ ಅಷ್ಟು ಚುಚ್ಚುತ್ತಿತ್ತೇ?

ಎಲ್ಲರೂ ಆಂಟಿಯ ಕಡೆ ತಿರುಗಿದೆವು. ಆಕೆ ಬೇವುಬೆಲ್ಲ ಬಾಯಿಗೆ ಹಾಕಿಕೊಂಡು, ಜೋನ್ ಪಕ್ಕದಲ್ಲಿ ಹೋಗಿ ಕೂತರು. ಬಾಯಿ ಮಾತ್ರ ಬಿಡಲಿಲ್ಲ.

ಅಲ್ಲಿಂದ ಆಕೆಯ ಮೇಲೆ ಎರಡೂ ಕಡೆಯಿಂದ ಅನುಮಾನದ ಸುರಿಮಳೆ. ತಮ್ಮ ಜನರಿಗೆ ಜಾಗ ಸಿಗಲಿ ಎಂದು ಸಂತನನ್ನು ಅಳಿಸಿದಳು ಎಂದು ಟ್ರಸ್ಟಿನವರು ಆಕೆಯನ್ನು ತೆಗೆದುಹಾಕಿದರು. ಚಾಪೆಲ್ ನಮ್ಮ ಕೈಗೆ ಬರದಂತೆ ಮಾಡಲು ನಮ್ಮ ಕೈಯಿಂದಲೇ ಗೋಡೆ ಕೆಡಿಸಿದಳು ಎಂದು ನಮ್ಮವರು ಮಾತು ಬಿಟ್ಟರು. ಕೊಳ್ಳುವ ಮಾತು ನಿಂತಿತು. ಲೀಸ್ ಮುಗಿಯುವವರೆಗೆ ಇರಬಹುದು, ಯಾವುದನ್ನೂ ಮುಟ್ಟಕೂಡದು ಎಂದು ಜೋನ್ ಹೇಳಿಕಳಿಸಿದರು. ನನ್ನ ಕ್ಲಾಸು ಮತ್ತೆ ಗರಾಜಿಗೆ ಮರಳುವ ದಿನ ಕಣ್ಣೆದುರಿಗಿತ್ತು. ನನಗೆ ಆಕೆಯ ಮೇಲೆ ಕೆಂಡದಂಥ ಕೋಪ ಬಂದಿತ್ತು. ದೇವರ ಮುಂದೆ ನಿಂತಾಗಲೂ ಆ ಬಿಳಿ ಗೋಡೆ ಕಂಡು ಹಲ್ಲು ಕಚ್ಚುತ್ತಿದ್ದೆ.

ಪಾಟ್‌ಲಕ್‌ಗಳಲ್ಲಿ ಆಕೆಯ ಸುತ್ತ ಕುರ್ಚಿಗಳು ಖಾಲಿ ಉಳಿಯತೊಡಗಿದವು. ಆಕೆ ಬರುವುದನ್ನು ನಿಲ್ಲಿಸಲಿಲ್ಲ. ತಾವು ತಂದ ಮೊಸರನ್ನ ತಾವೇ ಬಡಿಸಿಕೊಂಡು, ಯಾರೂ ಮಾತಾಡಿಸದಿದ್ದರೂ ಕೊನೆಯವರೆಗೆ ಕೂತಿದ್ದು, ಪಾತ್ರೆ ತೊಳೆದುಕೊಂಡು ಹೋಗುತ್ತಿದ್ದರು. ನಾಚಿಕೆಯಿಲ್ಲ ಎಂದರು ಕೆಲವರು. ನಾನು ಆಕೆಯ ಮುಖ ನೋಡುತ್ತಿದ್ದೆ. ತಪ್ಪು ಮಾಡಿದವರು ಒಂದೋ ಹೆಚ್ಚು ಮಾತಾಡುತ್ತಾರೆ, ಇಲ್ಲವೇ ಬೇಗ ಎದ್ದು ಹೋಗುತ್ತಾರೆ. ಈಕೆ ಎರಡೂ ಮಾಡುತ್ತಿರಲಿಲ್ಲ. ಒಮ್ಮೆ ಒಬ್ಬರು ತಡೆಯಲಾರದೆ, "ಏನಾದ್ರೂ ಎಕ್ಸ್‌ಪ್ಲನೇಷನ್ ಕೊಡಿ ಆಂಟಿ" ಎಂದಾಗ, "ರಿಪೋರ್ಟ್ ಇನ್ನೂ ಬಂದಿಲ್ಲ" ಎಂದಷ್ಟೇ ಹೇಳಿ ಮಜ್ಜಿಗೆ ಕುಡಿದರು.

ರಿಪೋರ್ಟ್ ಬಂದದ್ದು ರಾಲಿ ನಗರದಿಂದ. ಚಿತ್ರವನ್ನು ಹೇಗಾದರೂ ಹೊರತೆಗೆಯಬಹುದೇ ಎಂದು ಕೇಳಲು ಜೋನ್ ಅಲ್ಲಿಂದ ಹಳೆಯ ಗೋಡೆಚಿತ್ರಗಳನ್ನು ಉಳಿಸುವ ತಜ್ಞನೊಬ್ಬನನ್ನು ಕರೆಸಿದ್ದರು. ಲೀಸಿನಲ್ಲಿರುವವರು ಎದುರಿಗಿರಬೇಕು ಎಂದು ನನ್ನನ್ನೂ ಕರೆದಿದ್ದರು. ಅವನು ಗೋಡೆಯ ಒಂದು ಮೂಲೆಯಲ್ಲಿ ಅಂಗೈಯಗಲ ಸುಣ್ಣವನ್ನು ನಿಧಾನವಾಗಿ ಬಿಡಿಸಿದ. ಕೆಳಗೆ ಕಾಗದ ಸಿಕ್ಕಿತು. ಅದನ್ನು ನೀರಿನಿಂದ ನೆನೆಸಿ ಎತ್ತಿದ. ಕೆಳಗೆ ದ್ರಾಕ್ಷಿಯ ಗೊಂಚಲು. ಉದುರುತ್ತಿದ್ದ ಹುರುಪೆಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ ಮಲಗಿದ್ದವು.

ಯಾರೋ ಮೊದಲು ತೆಳುವಾದ ಅಕ್ಕಿಗಂಜಿಯಲ್ಲಿ ಕಾಗದ ಅಂಟಿಸಿ ಬಣ್ಣವನ್ನು ಹಿಡಿದು ನಿಲ್ಲಿಸಿದ್ದಾರೆ, ಆಮೇಲೆ ಸುಣ್ಣ ಹಚ್ಚಿದ್ದಾರೆ ಎಂದ. ತಾನಾಗಿದ್ದರೆ ಸುಣ್ಣ ಹಚ್ಚುತ್ತಿರಲಿಲ್ಲ, ಕಾಗದವೇ ಸಾಕಿತ್ತು ಎಂದೂ ಸೇರಿಸಿದ. ಆದರೆ ಏನೂ ಕೆಟ್ಟಿಲ್ಲ, ಹೀಗೆ ಮುಚ್ಚದೆ ಬಿಟ್ಟಿದ್ದರೆ ಇಷ್ಟು ಹೊತ್ತಿಗೆ ಇನ್ನಷ್ಟು ಉದುರಿರುತ್ತಿತ್ತು ಎಂದ. ಜೋನ್ ನನ್ನ ಮುಖ ನೋಡಿದರು. ನಾನು ಕಾರಿನ ಕೀಲಿ ತೆಗೆದುಕೊಂಡೆ.

ಆಂಟಿ ಅಷ್ಟರಲ್ಲಿ ಮನೆ ಬಿಟ್ಟು ವಯಸ್ಸಾದವರ ವಸತಿಯೊಂದಕ್ಕೆ ಸೇರಿದ್ದರು. ಉಸಿರಾಟ ಕಷ್ಟವಾಗಿತ್ತು. ನಾನು ಹೋದಾಗ ಕಿಟಕಿಯ ಬಳಿ ಕೂತು ಕಿತ್ತಳೆ ಸುಲಿಯುತ್ತಿದ್ದರು.

"ಗಂಜಿ ನಿಮ್ದೇನಾ?" ಎಂದೆ.

"ಸೋನಾಮಸೂರಿ" ಎಂದರು. "ಸಿಕ್ತಾ?"

"ಸಿಕ್ತು. ಬಾಯ್ಬಿಟ್ಟು ಒಂದು ಮಾತು ಹೇಳಿದ್ರೆ ಏನಾಗ್ತಿತ್ತು ಆಂಟಿ? ಎಲ್ಲರೂ ನಿಮ್ಮನ್ನ ಕಳ್ಳಿ ಥರ ನೋಡಿದ್ರು. ನಾನೂ ನೋಡ್ದೆ."

"ಹೇಳಿದ್ರೆ ಕೆರೀತಿದ್ರಿ. ಪೇಪರ್ ಕಂಡ್ರೆ ಎಲ್ಲರೂ ಕೆರೀತಾರೆ. ಬಿಳೀ ಗೋಡೆ ಕಂಡ್ರೆ ಯಾರೂ ನೋಡಲ್ಲ."

"ನಮ್ಮೇಲೆ ನಂಬಿಕೆ ಇರ್ಲಿಲ್ವಾ?"

"ಇರ್ಲಿಲ್ಲ."

ಅಷ್ಟು ನೇರವಾಗಿ ಯಾರೂ ನನಗೆ ಹೇಳಿದ್ದಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಅವಮಾನವೂ ಆಯಿತು, ಸಿಟ್ಟೂ ಬಂತು. ಆಕೆ ಕಿತ್ತಳೆಯ ತೊಳೆಯೊಂದನ್ನು ನನ್ನ ಕೈಗಿಟ್ಟರು.

"ನಮ್ಮೂರ ಹತ್ರ ಒಂದು ದೇವಸ್ಥಾನ ಇತ್ತು. ಚಾವಣಿ ತುಂಬ ಚಿತ್ರ. ನಾನು ಚಿಕ್ಕೋಳಿದ್ದಾಗ ಮಲಗಿಕೊಂಡು ನೋಡ್ತಿದ್ದೆ. ಬ್ರಹ್ಮೋತ್ಸವಕ್ಕೆ ಅಂತ ಭಕ್ತರೆಲ್ಲ ಸೇರಿ ಗೋಡೆ ಉಜ್ಜಿ, ಎನಾಮಲ್ ಪೇಂಟ್ ಹೊಡೆದ್ರು. ಯಾರೂ ಕೆಟ್ಟೋರಲ್ಲ. ನಮ್ಮಪ್ಪನೂ ಹೊಡೆದ್ರು. ಪಕ್ಕದ ಗುಡಿಗೆ ದುಡ್ಡು ಸಾಲ್ಲಿಲ್ಲ, ಬರೀ ಸುಣ್ಣ ಬಳಿದ್ರು. ಅದರ ಕೆಳಗಿಂದು ಇವತ್ತಿಗೂ ಹಾಗೇ ಇದೆ."

"ಗಿರೀಶ್ ಅಂಥೋನಲ್ಲ ಆಂಟಿ."

"ಗಿರೀಶ ತುಂಬಾ ಒಳ್ಳೆ ಹುಡುಗ. ಸ್ಯಾಂಡರ್ ಬುಕ್ ಮಾಡಿದ್ದ."

ಅದು ನನಗೆ ಗೊತ್ತಿರಲಿಲ್ಲ. ಆಮೇಲೆ ಮನೆಗೆ ಬಂದು ಕೇಳಿದಾಗ ಗಿರೀಶ ಹೌದು ಎಂದ.

"ಜೋನ್‌ಗಾದ್ರೂ ಹೇಳ್ಬಹುದಿತ್ತಲ್ಲ. ಅಷ್ಟು ಅತ್ರು" ಎಂದು ಆಂಟಿಗೆ ಹೇಳಿದೆ.

"ಜೋನ್ ಮಗ ಅಟ್ಲಾಂಟಾದಲ್ಲಿ ಮನೆ ಕಟ್ಟಿಸ್ತಿದ್ದಾನೆ. ಮಾರಾಟ ಆಗೋ ಮುಂಚೆ ಸಂತನ್ನ ಗೋಡೆಯಿಂದ ಕತ್ತರಿಸಿ ತಗೊಂಡು ಹೋಗಿ ಡೈನಿಂಗ್ ರೂಮಲ್ಲಿ ಹಾಕೋಣ ಅಂತ ಅಳತೆ ತಗೊಂಡ. ಅವಳು ಬೇಡ ಅನ್ಲಿಲ್ಲ. ಅವಳ ತಾತನ ತಾತ ಬರೆದಿದ್ದು, ಪ್ರೀತಿ." ಉಸಿರು ತೆಗೆದುಕೊಳ್ಳಲು ನಿಂತರು. "ಪ್ರೀತಿ ಇರೋರ ಕೈಗೆ ಕೊಡೋವಾಗ ಇನ್ನೂ ಹುಷಾರಾಗಿರ್ಬೇಕು ಕಣೆ."

ನಾನು ಎದ್ದು ಬರುವಾಗ ಮತ್ತೊಂದು ಪ್ರಶ್ನೆ ಕೇಳಿದೆ. ಈಗಲಾದರೂ ಎಲ್ಲರಿಗೂ ಹೇಳಲೇ, ನಿಮ್ಮ ಮೇಲಿನ ಅಪವಾದ ಹೋಗಲಿ ಎಂದು. "ನಿನ್ನಿಷ್ಟ. ನಂಗೇನೂ ಬೇಕಿಲ್ಲ" ಎಂದರು. ಬೇಕಿಲ್ಲ ಎಂಬುದನ್ನು ನಾನು ನಂಬಲಿಲ್ಲ. ಎಲ್ಲರಿಗೂ ಹೇಳಿದೆ. ಕೆಲವರು ಹೋಗಿ ನೋಡಿಕೊಂಡು ಬಂದರು. ಹೋದವರಿಗೆಲ್ಲ ಆಕೆ, ತಂದ ತಿಂಡಿ ಯಾವತ್ತಿನದು ಎಂದು ಕೇಳಿದರಂತೆ.

ಈ ವಸಂತದಲ್ಲಿ ತೀರಿಕೊಂಡರು. ಕೆಲವು ವಾರಗಳ ಮೇಲೆ ರಾಲಿಯ ತಜ್ಞ ಮತ್ತೆ ಬಂದ. ಸಿಮೆಂಟ್ ಕಿತ್ತು ಸುಣ್ಣ ತುಂಬಿದ ಮೇಲೆ ಗೋಡೆಯ ತೇವ ಆರಿದೆ, ಚಿತ್ರವನ್ನು ಪೂರ್ತಿ ಬಿಡಿಸಬಹುದು, ನಿಮ್ಮ ತೀರ್ಮಾನ ಹೇಳಿ ಎಂದ. ಜೋನ್, ಅವರ ಮಗ, ಗಿರೀಶ, ನಾನು ಗೋಡೆಯ ಮುಂದೆ ನಿಂತಿದ್ದೆವು. ತೆರೆದಿಟ್ಟ ಅಂಗೈಯಗಲದಲ್ಲಿ ದ್ರಾಕ್ಷಿಯ ಗೊಂಚಲು ಕಾಣುತ್ತಿತ್ತು. ಎಲ್ಲರ ಮನಸ್ಸೂ ಮೃದುವಾಗಿತ್ತು.

"ತೆಗ್ಸೋಣ, ಬ್ಯೂಟಿಫುಲ್ ಆಗಿರುತ್ತೆ" ಎಂದ ಗಿರೀಶ. "ಪೂಜೆ ಇರೋ ದಿನ ಮಾತ್ರ ಒಂದು ಕರ್ಟನ್ ಎಳೆದ್ರಾಯ್ತು. ರಾಡ್ ಫಿಕ್ಸ್ ಮಾಡೋಕೆ ಇಲ್ಲಿ ಎರಡು ಡ್ರಿಲ್ ಹೊಡೆದ್ರೆ ಸಾಕು." ಅವನ ಬೆರಳು ಇದ್ದದ್ದು ಸರಿಯಾಗಿ ಸಂತನ ಹಣೆ ಇರಬೇಕಾದ ಜಾಗದಲ್ಲಿ.

ಅದೇ ಹೊತ್ತಿಗೆ ಜೋನ್ ಮಗ ತಜ್ಞನನ್ನು ಕೇಳುತ್ತಿದ್ದ, ಚಿತ್ರದ ಹಿಂದಿನ ಗಾರೆ ಎಷ್ಟು ದಪ್ಪ ಇದೆ ಎಂದು.

ನಾನು ಜೋನ್ ಕಡೆ ನೋಡಿದೆ. ಅವರು ಆಗಲೇ ನನ್ನ ಕಡೆ ನೋಡುತ್ತಿದ್ದರು. ಇಬ್ಬರೂ ಒಟ್ಟಿಗೇ ಬೇಡ ಎಂದೆವು. ಯಾಕೆ ಎಂದು ಗಂಡಸರು ಕೇಳಿದರು, ನಾವು ಹೇಳಲಿಲ್ಲ. ತಜ್ಞ ಗೊಂಚಲಿನ ಮೇಲೆ ಕಾಗದ ಅಂಟಿಸಿ ಸುಣ್ಣ ಬಳಿದ. ಕೊಳ್ಳುವ ಮಾತನ್ನು ಬದಿಗಿಟ್ಟು ಲೀಸನ್ನೇ ಮುಂದುವರಿಸಿಕೊಂಡೆವು. ಬಿಲ್ಡರ್‌ಗೆ ಜೋನ್ ಆಗುವುದಿಲ್ಲ ಎಂದು ಹೇಳಿದರು. ನನ್ನ ಕ್ಲಾಸು ಅಲ್ಲೇ ನಡೆಯುತ್ತಿದೆ.

ನಾನು ಜೋನ್‌ಗೆ ನಮ್ಮ ಕಡೆ ದೇವಸ್ಥಾನದ ಹುಂಡಿಗೆ ಎರಡು ಬೀಗ ಹಾಕುವ ಪದ್ಧತಿ ಹೇಳಿದೆ. ಒಂದು ಕೀಲಿ ಒಬ್ಬರ ಹತ್ತಿರ, ಇನ್ನೊಂದು ಮತ್ತೊಬ್ಬರ ಹತ್ತಿರ. ಇಬ್ಬರೂ ಬಂದ ಹೊರತು ತೆಗೆಯಲಾಗದು. ಅವರಿಗೆ ಇದು ಬಹಳ ಹಿಡಿಸಿತು. ಈಗ ಚಾಪೆಲ್ಲಿನ ಬಾಗಿಲಿಗೆ ಎರಡು ಬೀಗ. ಕ್ಲಾಸಿಗೂ, ಪೂಜೆಗೂ, ಶನಿವಾರ ಸಂದುಗಳಿಗೆ ಸುಣ್ಣ ತುಂಬುವುದಕ್ಕೂ ನಾವಿಬ್ಬರೂ ಸೇರಿಯೇ ಹೋಗಬೇಕು. ಸುಣ್ಣದ ಕೆಲಸ ನನಗೆ ಇನ್ನೂ ಚೆನ್ನಾಗಿ ಬರುವುದಿಲ್ಲ, ಅವರಿಗೂ ಅಷ್ಟೇ.

ಮೊನ್ನೆ ಶನಿವಾರ ಜೋನ್ ಬರುವುದು ತಡವಾಯಿತು. ಮೆಟ್ಟಿಲ ಮೇಲೆ ಕೂತು ಕಾದೆ. ಆಂಟಿ ಇದ್ದಿದ್ದರೆ ಎಂದು ಬಹಳ ಅನ್ನಿಸಿತು, ಸ್ವಲ್ಪ ಅತ್ತೆ ಕೂಡ. ಜೋನ್ ಬಂದು, ಪಕ್ಕದಲ್ಲಿ ಕೂತು, ಮಂಡಿ ನೀವಿಕೊಳ್ಳುತ್ತ ಕೇಳಿದರು, ನಿನಗೆ ಇನ್ನೂ ನನ್ನ ಮೇಲೆ ಅನುಮಾನ ಇದೆಯಾ ಎಂದು.

ಇದೆ ಎಂದೆ.

ನನಗೂ ಇದೆ ಎಂದು ಅವರು ಎದ್ದು ತಮ್ಮ ಬೀಗ ತೆಗೆದರು. ನಾನು ನನ್ನದು ತೆಗೆದೆ.